ವರ್ಗಾವಣೆ ಆದಮೇಲೆ ಮಗ ಮಾತೇ ಬಿಟ್ಟಿದ್ದಾನೆ: ಪ್ರತಿಕ್ರಿಯೆ

ಮೇಡಂ, ಯಜಮಾನರಿಗೆ ದಿಢೀರ್ ವರ್ಗಾವಣೆಯಾಗಿ ಹುಬ್ಬಳ್ಳಿಯಿಂದ ಮೈಸೂರಿಗೆ ಬಂದು ಮೂರು ವಾರ, ಒಂಬತ್ತನೇ ಕ್ಲಾಸಿನ ಮಗ ಬಾಗಿಲು ಹಾಕಿಕೊಂಡು ಕೂರುತ್ತಾನೆ ಅಂದಿದ್ದೀರಿ.

ಮೊದಲು ‘ಈ ಊರೂ ಚೆನ್ನಾಗಿದೆ ನೋಡು’ ಅನ್ನೋದನ್ನು ನಿಲ್ಲಿಸಿ. ಅವನಿಗದು ‘ನಿನ್ನ ದುಃಖ ಸುಳ್ಳು’ ಅಂದ ಹಾಗೆ. ‘ನಿನ್ನನ್ನು ಕೇಳದೇ ಹೊರಟುಬಿಟ್ಟೆವು, ಕೋಪ ಬರೋದು ಸಹಜ’ ಅಂತ ಒಮ್ಮೆ ಹೇಳಿ ಸುಮ್ಮನಾಗಿ. ಎದುರು ಕೂರಿಸಿಕೊಂಡು ವಿಚಾರಿಸಿದರೆ ಈ ವಯಸ್ಸಿನವರು ಬಾಯಿ ಬಿಡಲ್ಲ. ಸ್ಕೂಟರಿನ ಹಿಂದೆ ಕೂತಾಗಲೋ, ಜೊತೆಗೆ ಅವರೆಕಾಯಿ ಸುಲಿಯುವಾಗಲೋ, ಮುಖ ನೋಡಬೇಕಿಲ್ಲದ ಹೊತ್ತಲ್ಲಿ ಮಾತು ತಾನಾಗಿ ಬರುತ್ತೆ.

ಫೋನ್ ಕಿತ್ತುಕೊಳ್ಳಬೇಡಿ. ಹಳೇ ಗೆಳೆಯರ ಕೊಂಡಿ ಸದ್ಯಕ್ಕೆ ಅದೊಂದೇ. ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಚಾರ್ಜಿಗೆ ಹಾಕಲಿ, ನಿಮ್ಮ ಫೋನೂ ಅಲ್ಲೇ ಇರಲಿ (ಇಲ್ಲದಿದ್ದರೆ ಈ ನಿಯಮ ಎರಡು ದಿನ ಬಾಳಲ್ಲ). ಅವನಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ಊಟದ ಹೊತ್ತು, ರೊಟ್ಟಿ-ಪಲ್ಯ ಎಲ್ಲ ಹುಬ್ಬಳ್ಳಿಯಲ್ಲಿದ್ದಂತೆಯೇ ನಡೀಲಿ. ಸೈಕಲ್ಲೋ ಬಸ್ಸೋ, ಟ್ಯೂಷನ್ ಎಲ್ಲಿ, ಇಂಥವನ್ನು ಅವನೇ ತೀರ್ಮಾನಿಸಲಿ. ಭಾಷೆಯ ಧಾಟಿಗೆ ಕ್ಲಾಸಿನಲ್ಲಿ ಯಾರಾದರೂ ನಗುತ್ತಾರಾ ಅಂತ ಟೀಚರ್ ಹತ್ತಿರ ಗುಟ್ಟಾಗಿ ಕೇಳಿ. ಮಕ್ಕಳು ಇದನ್ನು ಮನೇಲಿ ಹೇಳೋದು ಕಡಿಮೆ.

ಎರಡು ವಾರ ಮೀರಿ ಊಟ-ನಿದ್ದೆ ಕೆಟ್ಟು, ಇಷ್ಟದ ಆಟವೂ ಬೇಡವಾಗಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ: ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಅಂದೇ ವೈದ್ಯರ ಬಳಿ ಹೋಗಿ. ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನೋದು ತಪ್ಪು ನಂಬಿಕೆ, ಅವನನ್ನೇ ಕೇಳಿ.