ಲಾರಿ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು ಹತ್ತು ಚಕ್ರದ ಬಿಎಸ್‌-6 ಲಾರಿ, ನಾನೇ ಓಡಿಸುತ್ತೇನೆ. ದಾವಣಗೆರೆಯಿಂದ ತಮಿಳುನಾಡಿನ ನಾಮಕ್ಕಲ್‌ಗೆ 18 ಟನ್ ಮೆಕ್ಕೆಜೋಳ ಹಾಕುತ್ತೇನೆ. ಟನ್ನಿಗೆ 1,900 ರೂ.ನಂತೆ 34,200 ರೂ. ಬಾಡಿಗೆ. ಹೋಗಿಬರಲು 1,040 ಕಿ.ಮೀ. ಡೀಸೆಲ್ 23,660, ಟೋಲ್ 5,200 ಕಳೆದರೆ 5,340 ಉಳಿಯಬೇಕು. ಆದರೂ ಕಂತಿನ ದಿನ ಕೈಯಲ್ಲಿ ದುಡ್ಡಿರುವುದಿಲ್ಲ. ಹಣ ಎಲ್ಲಿ ಸೋರುತ್ತಿದೆ?
– ಓದುಗರು, ದಾವಣಗೆರೆ

ಉತ್ತರ: ಸೋರುತ್ತಿಲ್ಲ. ಸುಮಾರು ಶೇ 40ರಷ್ಟು ಖರ್ಚು ನಿಮ್ಮ ಲೆಕ್ಕಕ್ಕೇ ಬಂದಿಲ್ಲ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ, ಅವುಗಳ ಜಾಗದಲ್ಲಿ ನಿಮ್ಮ ಬಿಲ್ಲಿನ ಅಂಕಿ ಹಾಕಿಕೊಳ್ಳಿ.

ಮೊದಲು ಗಾಡಿ ನಿಂತರೂ ಬೀಳುವ ಖರ್ಚು. ಬಾಡಿ ಸೇರಿ 36 ಲಕ್ಷದ ಲಾರಿಯಲ್ಲಿ ಟೈರಿನ 2 ಲಕ್ಷವನ್ನು ಬೇರೆ ತೆಗೆಯಿರಿ, ಇಲ್ಲದಿದ್ದರೆ ಟೈರನ್ನು ಎರಡು ಸಲ ಲೆಕ್ಕ ಹಾಕಿದಂತಾಗುತ್ತದೆ. ಏಳು ವರ್ಷದ ನಂತರ 10 ಲಕ್ಷಕ್ಕೆ ಮಾರಿದರೆ ಸವಕಳಿ 24 ಲಕ್ಷ, ಅಂದರೆ ತಿಂಗಳಿಗೆ 28,600. ಹಾಕಿದ ಬಂಡವಾಳ ಸರಾಸರಿ 23 ಲಕ್ಷ (ಕೊಂಡ 36 ಮತ್ತು ಮಾರುವ 10ರ ನಡುವಿನದು). ಅದು ಸಾಲದ್ದಾಗಲಿ ಸ್ವಂತದ್ದಾಗಲಿ, ಶೇ 10ರಂತೆ ಬಡ್ಡಿ ತಿಂಗಳಿಗೆ 19,200. ವಿಮೆಗೆ ತಿಂಗಳಿಗೆ 7,500 (ಮಾಲು ಸೇರಿ ಒಟ್ಟು ತೂಕ 20ರಿಂದ 40 ಟನ್ ಇರುವ ಗಾಡಿಗೆ 2022ರ ದರದಲ್ಲಿ ಥರ್ಡ್ ಪಾರ್ಟಿ ಒಂದೇ ವರ್ಷಕ್ಕೆ 43,950, ತೆರಿಗೆ ಬೇರೆ). ರಸ್ತೆ ತೆರಿಗೆ, ನ್ಯಾಷನಲ್ ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಸೇರಿ 5,500. ಕೊನೆಗೆ ಡ್ರೈವರ್ ಸಂಬಳ 25,000. ನೀವೇ ಓಡಿಸುತ್ತೀರಿ ಎಂದು ಇದನ್ನು ಬಿಡಬೇಡಿ. ಬಿಟ್ಟರೆ ನಿಮ್ಮ ಕೂಲಿಯನ್ನೇ ಲಾಭ ಎಂದು ಕರೆದಂತೆ. ಒಟ್ಟು 85,800. ತಿಂಗಳಿಗೆ 7,000 ಕಿ.ಮೀ. ಓಡಿದರೆ ಕಿ.ಮೀ.ಗೆ 12.25.

ಇನ್ನು ಓಡಿದಷ್ಟೂ ಬೀಳುವುದು. ಲೀಟರಿಗೆ 91 ರೂ., ಸರಾಸರಿ 4 ಕಿ.ಮೀ. ಎಂದರೆ ಕಿ.ಮೀ.ಗೆ ಡೀಸೆಲ್ 22.75. ಬಿಎಸ್‌-6 ಗಾಡಿಯ ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರವ ಡೀಸೆಲ್‌ನ ಶೇ 4ರಷ್ಟು ಹೋಗುತ್ತದೆ, ಅದು 0.60. ಟೋಲ್ 5.00. ಟೈರ್ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. 22,000ದ ಟೈರ್ 70,000 ಕಿ.ಮೀ. ಬಂದು, ಹಿಂದಿನ ಎಂಟಕ್ಕೆ ತಲಾ 6,500 ಕೊಟ್ಟು ರೀಟ್ರೆಡ್ ಮಾಡಿಸಿದ (ಸವೆದ ಟೈರಿಗೆ ಹೊಸ ರಬ್ಬರ್ ಹಾಕಿಸಿದ) ಮೇಲೆ ಇನ್ನೂ 40,000 ಬಂದರೆ ಹತ್ತೂ ಸೇರಿ ಕಿ.ಮೀ.ಗೆ 2.70. ಟೈರ್ ಪೂರ್ತಿ ಸವೆದು ದಾರ ಕಾಣುವವರೆಗೆ ಓಡಿಸಿದರೆ ರೀಟ್ರೆಡ್‌ಗೆ ಕೇಸಿಂಗ್ (ಟೈರಿನ ಒಡಲು) ಉಳಿಯುವುದಿಲ್ಲ, ಆ 40,000 ಹೋಯಿತೆಂದೇ ಲೆಕ್ಕ. ಆಯಿಲ್, ಫಿಲ್ಟರ್, ಗ್ರೀಸ್, ಬ್ರೇಕ್ ಲೈನರ್, ಕ್ಲಚ್‌ಗೆ 2.00. ಹೊಸ ಗಾಡಿಯಲ್ಲಿ ಇದು ಖರ್ಚಾಗದಿದ್ದರೂ ತೆಗೆದಿಡಿ, ಕ್ಲಚ್ ಒಂದೇ ದಿನ ಕೈ ಕೊಡುತ್ತದೆ. ಊಟ, ಹಮಾಲಿ, ತಾಡಪಾಲು, ಪಂಕ್ಚರ್ 1.45. ಒಟ್ಟು 34.50.

ಎರಡೂ ಸೇರಿ ಕಿ.ಮೀ.ಗೆ 46.75. ಒಂದು ಟ್ರಿಪ್ಪಿಗೆ ಸುಮಾರು 48,600 ಬಿತ್ತು. ಬಂದದ್ದು 34,200. ವಾಪಸ್ ಖಾಲಿ ಬಂದರೆ 14,400 ನಷ್ಟ.

ಕಂತಿನ ಇಕ್ಕಟ್ಟು ಇದರಿಂದ ಬೇರೆ. 30 ಲಕ್ಷ ಸಾಲಕ್ಕೆ 60 ತಿಂಗಳ ಕಂತು ಸುಮಾರು 63,700, ಸವಕಳಿ ಮತ್ತು ಬಡ್ಡಿ ಸೇರಿದರೂ 47,800. ಏಳು ವರ್ಷ ದುಡಿಯುವ ಗಾಡಿಯ ಸಾಲವನ್ನು ಐದು ವರ್ಷದಲ್ಲಿ ತೀರಿಸುತ್ತಿದ್ದೀರಿ. ಲಾಭದ ಟ್ರಿಪ್ ಹೊಡೆದ ತಿಂಗಳೂ ನಗದು ಬಿಗಿಯಾಗುವುದು ಅದಕ್ಕೇ.

ಪ್ರಶ್ನೆ: ನಾಮಕ್ಕಲ್, ಸೇಲಂ ಕಡೆಯಿಂದ ಸಾಬಕ್ಕಿ ಲೋಡಿಗೆ ಬ್ರೋಕರ್ ಕಡಿಮೆ ದರ ಹೇಳುತ್ತಾರೆ. ಒಪ್ಪಬೇಕೆ, ಕಾಯಬೇಕೆ?

ಉತ್ತರ: ಮೇಲಿನ ಲಾರಿಯನ್ನೇ ಹಿಡಿಯೋಣ. ಲೋಡಿಗೆ 3.5, ಖಾಲಿಗೆ 4.7 ಮೈಲೇಜ್ ಕೊಟ್ಟರೆ 520 ಕಿ.ಮೀ.ಗೆ 38 ಲೀಟರ್ ಹೆಚ್ಚು, ಅಂದರೆ 3,460 ರೂ. ಹೇಗೂ ಊರಿಗೆ ಬರಲೇಬೇಕು, ಆದ್ದರಿಂದ ಈ ಡೀಸೆಲ್, ಕಮಿಷನ್, ಹಮಾಲಿ ಮತ್ತು ತಡವಾದ ದಿನದ ಖರ್ಚನ್ನು ಮೀರಿದ ಬಾಡಿಗೆ ಖಾಲಿಗಿಂತ ವಾಸಿ. ಒಂದು ದಿನ ನಿಂತರೆ 85,800ರ ಮೂವತ್ತನೇ ಒಂದು ಭಾಗ, 2,860 ರೂ. ಹೋಗುತ್ತದೆ. ನಾಳೆ ಎರಡು ಸಾವಿರ ಹೆಚ್ಚು ಸಿಗುತ್ತದೆಂದು ಕಾಯುವುದು ನಷ್ಟವೇ. ಆದರೆ ಇದು ಆ ದಿನದ ತೀರ್ಮಾನ ಅಷ್ಟೇ. ಹೋಗಿಬರುವ ಟ್ರಿಪ್ಪು ತಾನೇ ತೂಗಬೇಕಾದರೆ ವಾಪಸ್ ಬಾಡಿಗೆ ಕಮಿಷನ್, ಹಮಾಲಿ ಬಿಟ್ಟು ಸುಮಾರು 18,000 (ಖಾಲಿ ಬಂದಾಗಿನ 14,400 ನಷ್ಟ, ಹೆಚ್ಚಿನ ಡೀಸೆಲ್ 3,460) ಮುಟ್ಟಬೇಕು. ತಿಂಗಳುಗಟ್ಟಲೆ ಮುಟ್ಟದಿದ್ದರೆ ಮೆಕ್ಕೆಜೋಳದ ದರವನ್ನು ಮಾತಾಡಿ ಏರಿಸಿ, ಇಲ್ಲವೇ ರೂಟ್ ಬದಲಿಸಿ. ಎರಡು ಟನ್ ಹೆಚ್ಚಿಗೆ ತುಂಬಿ ಸರಿದೂಗಿಸುವ ಯೋಚನೆ ಬೇಡ. ಓವರ್‌ಲೋಡಿಗೆ ಕಾಯ್ದೆಯಲ್ಲಿ 20,000 ದಂಡ, ಮೇಲೆ ಟನ್ನಿಗೆ 2,000, ಹೆಚ್ಚುವರಿ ಮಾಲನ್ನು ಅಲ್ಲೇ ಇಳಿಸಬೇಕು. ಟೈರ್ ಮತ್ತು ಪಾಟಾ (ಸ್ಪ್ರಿಂಗ್ ಪಟ್ಟಿ) ತೆರುವ ಬೆಲೆ ಬೇರೆ.

ಪ್ರಶ್ನೆ: ಮೈಲೇಜನ್ನು ಸರಿಯಾಗಿ ಅಳೆಯುವುದು ಹೇಗೆ?

ಉತ್ತರ: ಒಂದೇ ಬಂಕ್, ಸಮತಟ್ಟಾದ ಜಾಗ, ಟ್ಯಾಂಕ್ ಫುಲ್. ಮುಂದಿನ ಫುಲ್‌ಗೆ ಹಿಡಿದ ಲೀಟರಿನಿಂದ ಓಡಿದ ಕಿ.ಮೀ. ಭಾಗಿಸಿ. ಡ್ಯಾಶ್‌ಬೋರ್ಡ್ ಅಂಕಿಯನ್ನು ನೆಚ್ಚಬೇಡಿ. ಲೋಡ್ ಮತ್ತು ಖಾಲಿ ಓಟವನ್ನು ಬೇರೆ ಬೇರೆ ಬರೆದಿಡಿ, ಸರಾಸರಿಯಲ್ಲಿ ದೋಷ ಅಡಗಿಕೊಳ್ಳುತ್ತದೆ. ಲೋಡಿನ ಮೈಲೇಜ್ 3.5ರಿಂದ 3.2ಕ್ಕೆ ಇಳಿದರೆ ಮೊದಲು ಟೈರಿನ ಗಾಳಿ, ಆಮೇಲೆ ಏರ್ ಫಿಲ್ಟರ್ ನೋಡಿ. ನಂತರ ಸ್ವಲ್ಪ ದೂರ ಓಡಿಸಿ ಚಕ್ರದ ನಡುವಿನ ಹಬ್‌ಗಳ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ.