ಫೆರಿಟಿನ್‌ನ ಕೆಳಮಿತಿ ಸೊನ್ನೆಗಿಂತ ಕೆಳಗೆ ಬಂದಿರುವ ಬಗ್ಗೆ

ನಮಸ್ಕಾರ. ಸಹಜ ವ್ಯಾಪ್ತಿಯನ್ನು ನಿಗದಿಪಡಿಸಲು 40 ಆರೋಗ್ಯವಂತ ವಯಸ್ಕರ ಫೆರಿಟಿನ್ (ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್) ಅಳೆದು, ಸರಾಸರಿಯಿಂದ ಎರಡು ಪ್ರಮಾಣ ವಿಚಲನೆಯನ್ನು (ಮೌಲ್ಯಗಳು ಎಷ್ಟು ಚದುರಿವೆ ಎಂಬುದರ ಅಳತೆ) ಕಳೆದಾಗ ಕೆಳಮಿತಿ ಋಣಸಂಖ್ಯೆಯಾಗಿ ಬಂದದ್ದೇಕೆ ಎಂದು ಕೇಳಿದ್ದೀರಿ. ನಿಮ್ಮ ಲೆಕ್ಕ ತಪ್ಪಿಲ್ಲ, ಆ ವಿಧಾನ ಈ ಪ್ರೋಟೀನಿಗೆ ಹೊಂದುವುದಿಲ್ಲ. ಫೆರಿಟಿನ್‌ನ ಬಹುಪಾಲು ಮೌಲ್ಯಗಳು ಕೆಳಗೆ ಒತ್ತಾಗಿದ್ದು, ಕೆಲವು ಮಾತ್ರ ಬಹಳ ಮೇಲಕ್ಕೆ ಚಾಚಿಕೊಂಡಿರುವುದರಿಂದ ವಿಚಲನೆ ಹಿಗ್ಗುತ್ತದೆ. ಮೌಲ್ಯಗಳ ಲಾಗರಿದಮ್ ತೆಗೆದು ಲೆಕ್ಕ ಹಾಕಿ, ಮತ್ತೆ ಮೂಲ ಮಾನಕ್ಕೆ ತಂದರೆ ಈ ತೊಡಕು ನೀಗುತ್ತದೆ. ಪುರುಷರು ಮತ್ತು ಮಹಿಳೆಯರು ತಲಾ 120 ಮಂದಿಯಾದರೂ ಸಿಕ್ಕರೆ, ಎರಡೂ ಗುಂಪುಗಳ ಮೌಲ್ಯಗಳನ್ನು ಬೇರೆ ಬೇರೆಯಾಗಿ ಏರಿಕೆಯ ಕ್ರಮದಲ್ಲಿ ಜೋಡಿಸಿ 2.5 ಮತ್ತು 97.5ನೇ ಪರ್ಸೆಂಟೈಲ್‌ಗಳನ್ನು (ಶೇ 2.5 ಮತ್ತು ಶೇ 97.5ರಷ್ಟು ಮೌಲ್ಯಗಳು ಯಾವುದಕ್ಕಿಂತ ಕೆಳಗಿರುತ್ತವೋ ಆ ಬಿಂದುಗಳನ್ನು) ಮಿತಿಯಾಗಿ ಹಿಡಿಯುವುದು ಇನ್ನೂ ಉತ್ತಮ.

ಆದರೆ ನನಗೆ ಹೆಚ್ಚು ಕಳವಳ ತರುವುದು ವ್ಯಕ್ತಿಗಳ ಆಯ್ಕೆ. ಮುಟ್ಟಿನ ರಕ್ತಸ್ರಾವದಿಂದ ಕಬ್ಬಿಣದ ದಾಸ್ತಾನು ಬರಿದಾಗಿದ್ದರೂ ಹಿಮೋಗ್ಲೋಬಿನ್ ಇನ್ನೂ ಸರಿಯಾಗಿರುವ ಮಹಿಳೆಯರು ‘ಆರೋಗ್ಯವಂತ’ರ ಗುಂಪಿಗೆ ಸೇರಿಬಿಟ್ಟರೆ, ಕೊರತೆಯೇ ಸಹಜವೆಂದು ವರದಿಯಲ್ಲಿ ಅಚ್ಚಾಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೊರತೆಯೆಂದೇ ಪರಿಗಣಿಸುತ್ತದೆ. ಉರಿಯೂತದಲ್ಲಿ ಫೆರಿಟಿನ್ ಏರುವುದರಿಂದ ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನನ್ನೂ ದಯವಿಟ್ಟು ನೋಡಿ.

ತಲಾ 120 ಮಂದಿ ಸಿಗದಿದ್ದರೆ, ಕಿಟ್ ತಯಾರಕರು ಕೊಟ್ಟ ವ್ಯಾಪ್ತಿಯನ್ನು 20 ಆರೋಗ್ಯವಂತರಲ್ಲಿ ಪರಿಶೀಲಿಸಿ. ಇಬ್ಬರಿಗಿಂತ ಹೆಚ್ಚು ಮಂದಿ ಅದರ ಹೊರಗೆ ಬೀಳದಿದ್ದರೆ ಅದನ್ನೇ ಬಳಸಬಹುದು.