ವಂದಿಯದೇವ ನಮ್ಮ ಕೋಲಾರದವನೇ? ಕುಂದವೈಯ ಗಂಡನ ಮನೆತನದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ‘ಪೊನ್ನಿಯಿನ್ ಸೆಲ್ವನ್’ ಸಿನಿಮಾ ಕನ್ನಡದಲ್ಲಿ ನೋಡಿದ ಮೇಲೆ ಕಾದಂಬರಿಯ ಐದೂ ಭಾಗ ಓದಿದೆವು. ನಮ್ಮ ಗೆಳೆಯರಿಗೆಲ್ಲ ಅದರ ನಾಯಕ ವಂದಿಯದೇವ ಅಂದ್ರೆ ಜೀವ. ಅವನ ಮನೆತನದ ಬಗ್ಗೆ ಮಾತ್ರ ಜಗಳ ಮುಗಿಯುತ್ತಿಲ್ಲ. ಅವನು ಕೋಲಾರದ ಬಾಣರ ಕುಡಿ ಅಂತ ನಾನು. ರಾಷ್ಟ್ರಕೂಟರವನು ಅಂತ ಒಬ್ಬರು. ಚಾಲುಕ್ಯ ಅಂತ ಇನ್ನೊಬ್ಬರು. ಯಾರು ಸರಿ?
— ಮುಳಬಾಗಿಲು ಕಡೆಯ ಓದುಗರು

ಉತ್ತರ: ಕಾದಂಬರಿಯ ಮಟ್ಟಿಗೆ ನೀವೇ ಸರಿ. ತಮಿಳು ಕಾದಂಬರಿಕಾರ ಕಲ್ಕಿ ಅವರು 1950ರಿಂದ 1954ರವರೆಗೆ ತಮ್ಮ ವಾರಪತ್ರಿಕೆಯಲ್ಲಿ ಈ ಕಥೆ ಬರೆದಾಗ ವಂದಿಯದೇವನನ್ನು ವಲ್ಲಂ ಎಂಬ ಊರಿನ ವಾಣರ ಕುಲದವನು ಎಂದರು. ತಮಿಳಿನಲ್ಲಿ ವಾಣರು ಅಂದರೆ ನಮ್ಮ ಬಾಣರೇ. ರಾಜ್ಯ ಕಳೆದುಕೊಂಡ ಮನೆತನದ ಹುಡುಗ, ಕೈಯಲ್ಲಿ ಕತ್ತಿ ಬಿಟ್ಟರೆ ಬೇರೇನೂ ಇಲ್ಲ, ಕಂಚಿಯಲ್ಲಿ ಚೋಳ ಯುವರಾಜ ಆದಿತ್ಯ ಕರಿಕಾಲನ ಹತ್ತಿರ ಚಾಕರಿ. ಇದು ಕಲ್ಕಿ ಕಟ್ಟಿದ ಚಿತ್ರ.

ಶಾಸನದಲ್ಲಿ ಸಿಗುವುದು ತುಂಬಾ ಕಡಿಮೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಗೋಡೆಗಳ ಮೇಲೆ ಚೋಳ ರಾಜಕುಮಾರಿ ಕುಂದವೈ ಕೊಟ್ಟ ದಾನಗಳ ಪಟ್ಟಿ ಇದೆ. ಅಲ್ಲಿ ಅವಳನ್ನು ಚೋಳ ದೊರೆ ರಾಜರಾಜನ ಅಕ್ಕ, ವಲ್ಲವರೈಯರ್ ವಂದ್ಯದೇವರ ಮಹಾದೇವಿ ಎಂದು ಕರೆದಿದ್ದಾರೆ. ವಂದಿಯದೇವ ಇದ್ದ, ರಾಜರಾಜನ ಭಾವನಾಗಿದ್ದ ಎಂಬುದಕ್ಕೆ ಇದೇ ಗಟ್ಟಿ ಆಧಾರ. ಅವನ ಅಪ್ಪ ಯಾರು, ಕುಲ ಯಾವುದು ಎಂದು ಆ ಗೋಡೆ ಹೇಳುವುದಿಲ್ಲ.

ರಾಷ್ಟ್ರಕೂಟ ಎಂಬ ವಾದ ಹುಟ್ಟಿದ್ದು ‘ವಲ್ಲವರೈಯರ್’ ಎಂಬ ಬಿರುದಿನಿಂದ. ಅದು ‘ವಲ್ಲಭರಾಜ’ ಇರಬಹುದು, ವಲ್ಲಭ ಅಂದರೆ ರಾಷ್ಟ್ರಕೂಟ ದೊರೆಗಳ ಬಿರುದು ಅಲ್ವಾ ಎಂಬುದು ಅವರ ಲೆಕ್ಕ. ಆದರೆ ಅದೇ ಬಿರುದು ಬಾದಾಮಿ ಚಾಲುಕ್ಯರಿಗೂ ಇತ್ತು. ಒಂದು ಬಿರುದು ಹಿಡಿದು ಕುಲ ಹೇಳಲು ಹೋದರೆ ಯಾರನ್ನು ಬೇಕಾದರೂ ಯಾರ ಮನೆಗೆ ಬೇಕಾದರೂ ಸೇರಿಸಬಹುದು.

ಚಾಲುಕ್ಯ ಎಂಬ ಮಾತು ಬಹುಶಃ ಹೆಸರಿನ ಗೊಂದಲದಿಂದ ಬಂದಿದೆ. ರಾಜರಾಜನಿಗೆ ಅಕ್ಕನ ಹೆಸರಿನದೇ ಮಗಳಿದ್ದಳು, ಅವಳೂ ಕುಂದವೈ. ಆಂಧ್ರದ ವೆಂಗಿಯ ಚಾಲುಕ್ಯ ವಿಮಲಾದಿತ್ಯನನ್ನು ಮದುವೆಯಾದದ್ದು ಆ ಮಗಳು. ಅತ್ತೆ ಬೇರೆ, ಸೊಸೆ ಬೇರೆ.

ಈಗ ಬಾಣರ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಮಹಾಬಲಿ ಚಕ್ರವರ್ತಿ ನಮ್ಮ ಮೂಲಪುರುಷ ಎಂದು ಹೇಳಿಕೊಂಡ ಮನೆತನ ಇದು. ಈಗಿನ ಕೋಲಾರ, ಚಿತ್ತೂರು, ವೆಲ್ಲೂರು ಕಡೆಯ ನೆಲ ಇವರ ಕೈಯಲ್ಲಿತ್ತು. ವೆಲ್ಲೂರಿನ ಹತ್ತಿರದ ತಿರುವಲ್ಲಂ ಇವರ ಮುಖ್ಯ ಊರು. ಕೋಲಾರದ ಕಡೆ ಇವರ ಶಾಸನಗಳು ಕನ್ನಡದಲ್ಲಿವೆ, ತಿರುವಲ್ಲಂ ಕಡೆ ತಮಿಳಿನಲ್ಲಿವೆ. ಕನ್ನಡದವರಾ, ತಮಿಳರಾ ಎಂಬ ನಮ್ಮ ಇವತ್ತಿನ ಪ್ರಶ್ನೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಚೋಳರಿಗೂ ಬಾಣರಿಗೂ ಹಳೆಯ ಹಗೆ ಇತ್ತು. ಕುಂದವೈಯ ಮುತ್ತಜ್ಜ ಒಂದನೇ ಪರಾಂತಕ 10ನೇ ಶತಮಾನದ ಆರಂಭದಲ್ಲಿ ಇಬ್ಬರು ಬಾಣ ದೊರೆಗಳನ್ನು ಸೋಲಿಸಿ ಅವರ ನೆಲ ಕಿತ್ತುಕೊಂಡ. ಅದನ್ನು ತನ್ನ ಕಡೆಗಿದ್ದ ಗಂಗರ ಎರಡನೇ ಪೃಥ್ವೀಪತಿಗೆ ಕೊಟ್ಟು, ‘ಬಾಣಾಧಿರಾಜ’ ಎಂಬ ಬಿರುದನ್ನೂ ಕೊಟ್ಟ. ನೆಲದ ಜೊತೆ ಹೆಸರೂ ಹೋಯಿತು. ಬಾಣರು ರಾಷ್ಟ್ರಕೂಟರ ಮೂರನೇ ಕೃಷ್ಣನ ಆಸರೆ ಹಿಡಿದರು. ಒಬ್ಬ ಬಾಣ ದೊರೆಯನ್ನು ಕೃಷ್ಣರಾಜನ ಪ್ರಿಯಮಿತ್ರ ಎಂದು ಅವರದೇ ತಾಮ್ರಪಟ ಹೊಗಳುತ್ತದೆ.

ಮುಂದೆ 949ರಲ್ಲಿ ಚೋಳರಿಗೂ ರಾಷ್ಟ್ರಕೂಟರಿಗೂ ತಕ್ಕೋಲಂ ಯುದ್ಧ. ಪರಾಂತಕನ ಹಿರಿಮಗ ರಾಜಾದಿತ್ಯ ಅಲ್ಲಿ ಸತ್ತ. ಕೊಂದವನು ಕೃಷ್ಣನ ಭಾವ, ಗಂಗರ ಬೂತುಗ. ಇದನ್ನು ಹೇಳುವುದು ಮಂಡ್ಯ ಕಡೆಯ ಆತಕೂರಿನ ಕನ್ನಡ ಶಾಸನ. ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಎಂಬ ವೀರನಿಗೆ ಬೂತುಗ ‘ಏನು ಬೇಕು ಕೇಳು’ ಅಂದ. ಅವನು ಕೇಳಿದ್ದು ಬೂತುಗನ ‘ಕಾಳಿ’ ಎಂಬ ನಾಯಿಯನ್ನು! ಆ ನಾಯಿ ಮುಂದೆ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ ಸತ್ತಾಗ ನಿಲ್ಲಿಸಿದ ಕಲ್ಲೇ ಇದು. ಕುಂದವೈಯ ಅಜ್ಜನ ಅಣ್ಣ ಹೇಗೆ ಸತ್ತ ಎಂಬುದು ನಮಗೆ ತಿಳಿಯುವುದು ಒಂದು ನಾಯಿಯ ವೀರಗಲ್ಲಿನಿಂದ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಹೀಗಿರುವಾಗ, ಒಂದು ತಲೆಮಾರು ಕಳೆದ ಮೇಲೆ ಬಾಣರ ಹುಡುಗನೊಬ್ಬ ಚೋಳ ರಾಜಕುಮಾರನ ಕೆಳಗೆ ದುಡಿಯುವುದು ಸಾಧ್ಯವೇ? ಖಂಡಿತ ಸಾಧ್ಯ. ನೆಲ ಕಳೆದುಕೊಂಡ ಮನೆಯ ಮಕ್ಕಳು ಗೆದ್ದವರ ಸೈನ್ಯ ಸೇರುವುದು ಆ ಕಾಲದಲ್ಲಿ ಹೊಸದಲ್ಲ. ಕಲ್ಕಿ ಅವರ ಊಹೆ ಸುಮ್ನೆ ಗಾಳಿಯಲ್ಲಿ ಹುಟ್ಟಿದ್ದಲ್ಲ, ಇತಿಹಾಸದ ಹದ ತಿಳಿದು ಮಾಡಿದ್ದು. ಆದರೂ ಅದು ಊಹೆಯೇ. ‘ವಂದಿಯದೇವ ಕೋಲಾರದವನು’ ಎಂದು ಬೋರ್ಡ್ ಬರೆಸಬೇಡಿ. ‘ಕಾದಂಬರಿಯ ವಂದಿಯದೇವ ಯಾವ ಮನೆತನದವನೋ ಆ ಮನೆತನ ನಮ್ಮ ಜಿಲ್ಲೆಯನ್ನೂ ಆಳಿತ್ತು’ ಎನ್ನಿ. ಅದು ನೂರಕ್ಕೆ ನೂರು ನಿಜ.

ಪ್ರಶ್ನೆ: ನೆಲ ಇಲ್ಲದ ಹುಡುಗನಿಗೆ ಚೋಳರು ಮಗಳನ್ನು ಕೊಟ್ಟರು ಎಂಬುದನ್ನು ನಂಬುವುದು ಹೇಗೆ?

ಉತ್ತರ: ಅವನಿಗೆ ನೆಲ ಇರಲಿಲ್ಲ ಎಂಬುದು ಕಾದಂಬರಿಯ ಮಾತು, ನೆನಪಿರಲಿ. ಇನ್ನು ಆ ಗಡಿ ಸೀಮೆಯ ಮನೆತನಗಳ ಜೊತೆ ಚೋಳರ ನಂಟಸ್ತಿಕೆ ಹೊಸದೇನಲ್ಲ. ಅನ್ಬಿಲ್ ತಾಮ್ರಪಟದ ಪ್ರಕಾರ ಕುಂದವೈಯ ಅಪ್ಪ ಸುಂದರ ಚೋಳನ ತಾಯಿ ಕಲ್ಯಾಣಿ ವೈದುಂಬರ ಮಗಳು. ವೈದುಂಬರು ಬಾಣರ ನೆರೆಯವರು. ಇನ್ನೂ ಸ್ವಾರಸ್ಯದ ಸಂಗತಿ ಒಂದಿದೆ. ನಮ್ಮ ಕುಂದವೈ ಹುಟ್ಟುವ ಎಷ್ಟೋ ವರ್ಷ ಮುಂಚೆ, ತಿರುವಲ್ಲಂ ಶಾಸನಗಳಲ್ಲಿ ಬಾಣ ವಿದ್ಯಾಧರನ ರಾಣಿಯೊಬ್ಬಳು ಬರುತ್ತಾಳೆ. ಅವಳ ಹೆಸರು ಕುಂದವ್ವೈ! ಗಂಗರ ಒಂದನೇ ಪೃಥ್ವೀಪತಿಯ ಮಗಳು. ಬಾಣರ ಮನೆಗೆ ಕುಂದವ್ವೈ ಸೊಸೆಯಾಗಿ ಬಂದ ಕಥೆ ಕಾದಂಬರಿಗಿಂತ ಹಳೆಯದು.

ಪ್ರಶ್ನೆ: ಕಾದಂಬರಿಯಲ್ಲಿ ಬರುವ ಪಳುವೆಟ್ಟರೈಯರ್ ಸಹೋದರರು, ನಂದಿನಿ ಇವರೂ ನಿಜವೇ?

ಉತ್ತರ: ನಂದಿನಿ ಪೂರ್ತಿ ಕಲ್ಪನೆ. ಪಳುವೆಟ್ಟರೈಯರ್ ಮನೆತನ ನಿಜ. ಸುಂದರ ಚೋಳನ ಅಜ್ಜಿ, ಅಂದರೆ ಅರಿಂಜಯನ ತಾಯಿ, ಆ ಮನೆಯ ಮಗಳೇ. ಹಾಗಾಗಿ ಅವರನ್ನು ಬರೀ ದುಷ್ಟರು ಎಂದು ನೋಡಬೇಡಿ. ರಾಜನಿಗೆ ಅವರು ಅಜ್ಜಿಯ ತವರಿನವರು.

ಪ್ರಶ್ನೆ: ಬಾಣರ ಕುರುಹು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಉತ್ತರ: ಮೊದಲು ನಂದಿ ಗ್ರಾಮದ ಭೋಗನಂದೀಶ್ವರಕ್ಕೆ ಹೋಗಿ. ಬೆಟ್ಟ ಹತ್ತಿ ವಾಪಸ್ ಬರುವವರು ಕೆಳಗಿನ ಈ ಗುಡಿಯನ್ನು ಬಿಟ್ಟೇ ಬರುತ್ತಾರೆ, ಬೇಜಾರಿನ ವಿಷಯ. 9ನೇ ಶತಮಾನದ ಆರಂಭದ ಹೊತ್ತಿಗೆ ಬಾಣರ ರಾಣಿ ರತ್ನಾವಳಿ ಅಲ್ಲಿ ಶಿವಾಲಯ ಕಟ್ಟಿಸಿದ್ದಳು. ಈಗ ಕಾಣುವುದರಲ್ಲಿ ನೊಳಂಬರು, ಚೋಳರು, ವಿಜಯನಗರದವರು ಸೇರಿಸಿದ್ದೂ ಬಹಳ ಇದೆ. ಆತಕೂರಿನ ಕಾಳಿಯ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತಂಜಾವೂರಿಗೆ ಹೋದರೆ ಗೋಪುರ ನೋಡಿ ಹೊರಡಬೇಡಿ. ಗೋಡೆಯ ಬರಹದಲ್ಲಿ ಕುಂದವೈಯ ದಾನ ಎಲ್ಲಿದೆ ಎಂದು ಅಲ್ಲಿ ಬಲ್ಲವರನ್ನು ಕೇಳಿ. ತನ್ನ ಅಪ್ಪ ಅಮ್ಮನ ವಿಗ್ರಹಗಳನ್ನು ಮಾಡಿಸಿ ಆ ಗುಡಿಗೆ ಕೊಟ್ಟ ವಿವರವೂ ಅದರಲ್ಲೇ ಇದೆ.